ಅಂಡಾಶಯದ ಗೆಡ್ಡೆ: ಮೈಕ್ರೋಸ್ಕೋಪಿಗೂ ಮುಂಚೆ ಗೆಲ್ಲಬೇಕಾದ್ದು

ಇಲ್ಲಿ ಇಂಗ್ಲೆಂಡಿನಲ್ಲಿ ಅಂಡಾಶಯದ ಗೆಡ್ಡೆಯ ವರದಿ ಖಚಿತವಾಗಿ ಬರುವುದಕ್ಕೆ ಕೇಳಿದ ಆಂಟಿಬಾಡಿ (ಕೋಶದ ಬಗೆ ಗುರುತಿಸಲು ಸ್ಲೈಡಿಗೆ ಹಾಕುವ ವಸ್ತು) ಕೈಗೆ ಸಿಗುವುದೇ ಕಾರಣ ಎಂದು ಕರ್ನಾಟಕದ ನಮ್ಮ ಊರಿನ ಪೆಥಾಲಜಿ ಗೆಳೆಯರು ಹೇಳುವುದುಂಟು. ಎರಡೂ ಕಡೆಯ ಸ್ಲೈಡು ನೋಡುವವನಾಗಿ ನನಗೆ ಹಾಗನ್ನಿಸುವುದಿಲ್ಲ. ಹೆಚ್ಚಿನ ವ್ಯತ್ಯಾಸ ಹುಟ್ಟುವುದು ಗ್ರಾಸಿಂಗ್ ಟೇಬಲ್ಲಿನ ಮೇಲೆ, ಅಂದರೆ ಗೆಡ್ಡೆಯನ್ನು ಬರಿಗಣ್ಣಿನಲ್ಲಿ ನೋಡಿ ತುಂಡು ಕತ್ತರಿಸುವ ಕಡೆ. ಚಾಕು, ಸ್ಕೇಲು, ಸಾಕಷ್ಟು ಫಾರ್ಮಾಲಿನ್, ಎಲ್ಲಿಂದ ಎಷ್ಟು ತುಂಡು ತೆಗೆಯಬೇಕೆಂಬ ಲೆಕ್ಕ, ಇಷ್ಟನ್ನು ಕಲಬುರಗಿಯಲ್ಲೂ ಚಾಮರಾಜನಗರದಲ್ಲೂ ನಾಳೆಯಿಂದಲೇ ಶುರು ಮಾಡಬಹುದು. ಸ್ಲೈಡು ಓದುವ ಕಣ್ಣಿನಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. ಆ ಕಣ್ಣಿಗೆ ಕೊಡುವ ಸ್ಲೈಡು ಮಾತ್ರ ಬಹಳ ಸಲ ಕೆಟ್ಟಿರುತ್ತದೆ.

ಮೊದಲು ಫಾರ್ಮಾಲಿನ್, ಅಂಗಾಂಶ ಕೊಳೆಯದಂತೆ ಕಾಯುವ ದ್ರಾವಣ. ಅದು ಅಂಗಾಂಶದೊಳಗೆ ಇಳಿಯುವುದು ಗಂಟೆಗೆ ಸುಮಾರು 1 ಮಿಲಿಮೀಟರ್, ಆಳಕ್ಕೆ ಹೋದಂತೆ ಇನ್ನೂ ನಿಧಾನ. 18 ಸೆಂ.ಮೀ. ಅಗಲದ ಗಟ್ಟಿ ಗೆಡ್ಡೆಯನ್ನು ಇಡಿಯಾಗಿ ಒಂದು ಡಬ್ಬಿಗೆ ತುರುಕಿ, ಮೇಲೆ ನಾಲ್ಕು ಬೆರಳು ಫಾರ್ಮಾಲಿನ್ ಹುಯ್ದು ಕಳಿಸಿದರೆ ನಡುಭಾಗಕ್ಕೆ ಅದು ತಲುಪುವ ಹೊತ್ತಿಗೆ ಅಲ್ಲಿನ ಕೋಶಗಳು ಕೊಳೆತಿರುತ್ತವೆ. ಸ್ಲೈಡಿನಲ್ಲಿ ನ್ಯೂಕ್ಲಿಯಸ್ ಮಸುಕು, ಕೋಶಗಳು ಬಿಡಿಬಿಡಿ, ಮೈಟೋಸಿಸ್ (ಒಡೆದು ಎರಡಾಗುತ್ತಿರುವ ಕೋಶ) ಲೆಕ್ಕಕ್ಕೆ ಸಿಗದು. ಅಂಥ ಬ್ಲಾಕ್ (ಮೇಣದಲ್ಲಿ ಕೂರಿಸಿದ ತುಂಡು) ಮೇಲೆ ಇಮ್ಯುನೋ, ಅಂದರೆ ಆಂಟಿಬಾಡಿ ಸ್ಟೇನ್, ಮಾಡಿಸಿದರೆ ದುಡ್ಡು ದಂಡ. ಗೆಡ್ಡೆ ಲ್ಯಾಬಿಗೆ ಬಂದ ದಿನವೇ ತೂಕ, ಅಳತೆ, ಫೋಟೋ ಮುಗಿಸಿ, 1 ಸೆಂ.ಮೀ. ಅಂತರದಲ್ಲಿ ಬ್ರೆಡ್ಡಿನಂತೆ ಹೋಳು ಮಾಡಿ, ಹೋಳುಗಳ ನಡುವೆ ಹೀರುವ ಕಾಗದವೋ ಬಟ್ಟೆಯೋ ಇಟ್ಟು, ಗೆಡ್ಡೆಯ ಗಾತ್ರದ ಹತ್ತು ಪಟ್ಟು ಫಾರ್ಮಾಲಿನ್‌ನಲ್ಲಿ ಮುಳುಗಿಸಬೇಕು. ಬಕೆಟ್ಟು ಸಾಲದಿದ್ದರೆ ಮಾರನೆಯ ದಿನ ದ್ರಾವಣ ಬದಲಿಸಿದರೂ ನಡೆಯುತ್ತದೆ. ಬಫರ್ ಮಾಡದ ಫಾರ್ಮಾಲಿನ್ ಕ್ರಮೇಣ ಹುಳಿಯಾಗಿ ಸ್ಲೈಡಿನ ತುಂಬ ಕಂದುಗಪ್ಪು ಕಣ ಉದುರಿಸುತ್ತದೆ. 100 ಮಿ.ಲೀ. ಕಮರ್ಷಿಯಲ್ ಫಾರ್ಮಾಲಿನ್, 900 ಮಿ.ಲೀ. ಡಿಸ್ಟಿಲ್ಡ್ ನೀರು, 4 ಗ್ರಾಂ ಮಾನೋಬೇಸಿಕ್ ಸೋಡಿಯಂ ಫಾಸ್ಫೇಟ್, 6.5 ಗ್ರಾಂ ಡೈಬೇಸಿಕ್ ಸೋಡಿಯಂ ಫಾಸ್ಫೇಟ್ ಬೆರೆಸಿದರೆ ಆ ತೊಂದರೆ ಇಲ್ಲ. ಈ ಎರಡು ಲವಣಗಳ ಖರ್ಚು ಒಂದು ಆಂಟಿಬಾಡಿಯ ಮುಂದೆ ಏನೇನೂ ಅಲ್ಲ.

ಇನ್ನೊಂದು ರೂಢಿಯನ್ನು ಕಟುವಾಗಿಯೇ ಹೇಳಬೇಕು. ನಮ್ಮ ಕಡೆ ಗೆಡ್ಡೆ ಹೊರತೆಗೆದ ಕೂಡಲೇ ಥಿಯೇಟರ್ ಬಾಗಿಲಲ್ಲಿ ಸೀಳಿ ಮನೆಯವರಿಗೆ ತೋರಿಸುತ್ತಾರೆ. ಮನೆಯವರಿಗೆ ತೋರಿಸುವುದರಲ್ಲಿ ತಪ್ಪಿಲ್ಲ, ಸೀಳುವುದು ತಪ್ಪು. ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೋದ 2014ರ ಸ್ಟೇಜಿಂಗ್‌ನಲ್ಲಿ ಕ್ಯಾಪ್ಸೂಲ್ (ಗೆಡ್ಡೆಯ ಹೊರಕವಚ) ಆಪರೇಷನ್ ವೇಳೆ ಒಡೆದರೆ 1ಸಿ1. ಅದಕ್ಕೂ ಮುಂಚೆಯೇ ಒಡೆದಿದ್ದರೆ ಅಥವಾ ಹೊರಮೈಯಲ್ಲಿ ಗೆಡ್ಡೆ ಇದ್ದರೆ 1ಸಿ2. ಸೀಳಿ ಬಂದ, ಸುಕ್ಕುಗಟ್ಟಿದ ಚೀಲವನ್ನು ನೋಡಿ ಇವೆರಡನ್ನು ಬೇರೆ ಮಾಡಲು ಯಾವ ಪೆಥಾಲಜಿಸ್ಟಿಗೂ ಆಗದು. ಇಂಗ್ಲೆಂಡಿನಲ್ಲಿ ಕ್ಯಾಪ್ಸೂಲ್ ಹೇಗಿತ್ತೆಂದು ಸರ್ಜನ್ ಫಾರ್ಮಿನಲ್ಲಿ ಬರೆಯಬೇಕು, ಬರೆಯದಿದ್ದರೆ ಲ್ಯಾಬಿನಿಂದ ಫೋನು ಹೋಗುತ್ತದೆ. ಆ ಒಂದು ಸಾಲಿನ ಮೇಲೆ ಕೀಮೋ ಬೇಕೋ ಬೇಡವೋ ಎಂಬುದು ನಿಂತಿರುವ ರೋಗಿಗಳಿದ್ದಾರೆ.

ಬ್ಲಾಕಿನ ಲೆಕ್ಕಕ್ಕೆ ಬರೋಣ. ಸಾಮಾನ್ಯ ನಿಯಮ, ಗೆಡ್ಡೆಯ ಅತಿ ಉದ್ದದ ಅಳತೆಯಲ್ಲಿ ಸೆಂ.ಮೀ.ಗೆ ಒಂದು ಬ್ಲಾಕ್. ಮ್ಯೂಸಿನಸ್ (ಲೋಳೆ ಸುರಿಸುವ) ಗೆಡ್ಡೆ 10 ಸೆಂ.ಮೀ. ಮೀರಿದ್ದರೆ ಸೆಂ.ಮೀ.ಗೆ ಎರಡು. ಅಂದರೆ 22 ಸೆಂ.ಮೀ. ಗೆಡ್ಡೆಗೆ 44 ಬ್ಲಾಕ್. ಬ್ಲಾಕನ್ನು ತೆಳುವಾಗಿ ಕತ್ತರಿಸುವ ಮೈಕ್ರೋಟೋಮ್ ಒಂದೇ, ಇಬ್ಬರೇ ಟೆಕ್ನಿಷಿಯನ್ ಇರುವ ಲ್ಯಾಬಿಗೆ ಇದು ಹೊರೆ ಎಂದು ಒಪ್ಪುತ್ತೇನೆ. ಆದರೆ ಐದಾರು ಬ್ಲಾಕಿಗೆ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಮ್ಯೂಸಿನಸ್ ಗೆಡ್ಡೆಯಲ್ಲಿ ಬೆನೈನ್ (ನಿರಪಾಯ), ಬಾರ್ಡರ್‌ಲೈನ್ (ನಡುವಿನದು), ಕಾರ್ಸಿನೋಮ (ಕ್ಯಾನ್ಸರ್) ಮೂರೂ ಅಕ್ಕಪಕ್ಕದ ಕೋಣೆಗಳಲ್ಲೇ ಕೂತಿರುತ್ತವೆ. ನಡುವಿನ ದಾರಿ ಇದು: ಮೊದಲ ಸುತ್ತಿನಲ್ಲಿ ಸೆಂ.ಮೀ.ಗೆ ಒಂದರಂತೆ, ಲೋಳೆಯನ್ನು ತೊಳೆದು, ಗಟ್ಟಿ ಜಾಗ, ಜೇನುಗೂಡಿನ ಹಾಗೆ ಸಣ್ಣ ಕೋಣೆ ಒತ್ತೊತ್ತಾದ ಜಾಗ, ಗೋಡೆಯೊಳಗಿನ ಗಂಟು ಇವನ್ನೇ ಆರಿಸಿ ತೆಗೆಯಿರಿ. ಬಾರ್ಡರ್‌ಲೈನ್, ಇಂಟ್ರಾಎಪಿಥೀಲಿಯಲ್ ಕಾರ್ಸಿನೋಮ (ಮೇಲ್ಪದರ ದಾಟದ ಕ್ಯಾನ್ಸರ್) ಅಥವಾ 5 ಮಿ.ಮೀ.ಗಿಂತ ಚಿಕ್ಕ ಮೈಕ್ರೋಇನ್ವೇಷನ್ (ಒಳಕ್ಕೆ ನುಗ್ಗಿದ ಸಣ್ಣ ಜಾಗ) ಕಂಡರೆ ಡಬ್ಬಿಗೆ ವಾಪಸ್ ಹೋಗಿ ಎರಡರಷ್ಟು ಮಾಡಿ. ಒಳಗೋಡೆ ನುಣುಪಾಗಿರುವ, ತೆಳುವಾದ ಒಂಟಿ ಕೋಣೆಯ ಸಿಸ್ಟಿಗೆ ಇಷ್ಟೆಲ್ಲ ಬೇಡ.

ಫೆಲೋಪಿಯನ್ ನಾಳದ ವಿಷಯದಲ್ಲಿ ಎರಡು ಕಡೆಯ ಅಂತರ ಇನ್ನೂ ಹೆಚ್ಚು. ಅಂಡಾಶಯದ ಅತಿ ಸಾಮಾನ್ಯ ಕ್ಯಾನ್ಸರಾದ ಹೈ-ಗ್ರೇಡ್ ಸೀರಸ್ ಕಾರ್ಸಿನೋಮದ ಬಹುಪಾಲು ನಾಳದ ತುದಿಯ ಜಾಲರಿಯಲ್ಲಿ, ಫಿಂಬ್ರಿಯದಲ್ಲಿ, ಹುಟ್ಟುತ್ತದೆ. ನಾಳದಿಂದ ಒಂದೇ ಅಡ್ಡ ತುಂಡು ತೆಗೆದು ‘ನಾಳ ಸಾಮಾನ್ಯ’ ಎಂದು ಬರೆದರೆ ಹುಟ್ಟಿದ ಜಾಗವನ್ನು ನೋಡದೆಯೇ ಬರೆದಂತೆ. ಫಿಂಬ್ರಿಯವನ್ನು ಪೂರ್ತಿ ನೋಡುವ ಸೀ-ಫಿಮ್ ವಿಧಾನದಲ್ಲಿ ನಾಳ ಚೆನ್ನಾಗಿ ಗಟ್ಟಿಯಾದ ಮೇಲೆ ಫಿಂಬ್ರಿಯಾ ಇರುವ ಕೊನೆಯ 2 ಸೆಂ.ಮೀ. ಬೇರೆ ಮಾಡಿ ಉದ್ದುದ್ದ ನಾಲ್ಕು ಹೋಳು, ಉಳಿದದ್ದನ್ನು 2–3 ಮಿ.ಮೀ. ಅಂತರದಲ್ಲಿ ಅಡ್ಡಡ್ಡ ಹೋಳು ಮಾಡಿ ಎಲ್ಲವನ್ನೂ ಹಾಕುತ್ತಾರೆ. ಅಷ್ಟು ಕ್ಯಾಸೆಟ್ (ತುಂಡು ಇಡುವ ಪುಟ್ಟ ಡಬ್ಬಿ) ಇಲ್ಲವೆಂದರೆ ಎರಡೂ ಕಡೆಯ ಫಿಂಬ್ರಿಯವನ್ನಾದರೂ ಪೂರ್ತಿ ಹಾಕಿ.

ಇಷ್ಟಾದ ಮೇಲೆ ಹೆಚ್ ಅಂಡ್ ಇ (ಮಾಮೂಲಿ ಸ್ಟೇನಿನ) ಸ್ಲೈಡೇ ಮುಕ್ಕಾಲು ಪಾಲು ಉತ್ತರ ಕೊಡುತ್ತದೆ. ಕಾರ್ಸಿನೋಮಗಳಲ್ಲಿ ಐದು ಮುಖ್ಯ ಬಗೆ, ಅವುಗಳಲ್ಲಿ ಸುಮಾರು 70 ಶೇಕಡ ಹೈ-ಗ್ರೇಡ್ ಸೀರಸ್. ಸಣ್ಣ ಲೆನ್ಸಿನಲ್ಲೇ ಅದರ ಸೀಳುಗಂಡಿಗಳು ಕಾಣುತ್ತವೆ. ದೊಡ್ಡ ಲೆನ್ಸಿನಲ್ಲಿ ನ್ಯೂಕ್ಲಿಯಸ್‌ಗಳ ಗಾತ್ರದಲ್ಲಿ ಮೂರು ಪಟ್ಟಿಗೂ ಮೀರಿದ ಅಂತರ, 10 ಹೈ ಪವರ್ ಫೀಲ್ಡಿಗೆ 12ಕ್ಕಿಂತ ಹೆಚ್ಚು ಮೈಟೋಸಿಸ್. ಲೋ-ಗ್ರೇಡ್ ಸೀರಸ್‌ನಲ್ಲಿ ನ್ಯೂಕ್ಲಿಯಸ್‌ಗಳು ಒಂದೇ ಅಚ್ಚಿನವು, ಸಮೋಮ ಬಾಡಿಗಳು (ಸುಣ್ಣದ ಪುಟ್ಟ ಉಂಡೆಗಳು) ಧಾರಾಳ, ಪಕ್ಕದಲ್ಲೇ ಬಾರ್ಡರ್‌ಲೈನ್ ಗೆಡ್ಡೆ ಸಿಗುವುದುಂಟು. ಇವೆರಡು ಒಂದೇ ರೋಗದ ಎರಡು ಮೆಟ್ಟಿಲಲ್ಲ, ಬೇರೆ ಬೇರೆ ರೋಗ. ಲೋ-ಗ್ರೇಡ್ ಕೀಮೋಗೆ ಅಷ್ಟಾಗಿ ಬಗ್ಗುವುದಿಲ್ಲ. ಹೀಗಿರುವಾಗ ನಮ್ಮ ಕಡೆಯ ವರದಿಗಳಲ್ಲಿ ಇವತ್ತಿಗೂ ‘ಪ್ಯಾಪಿಲರಿ ಸೀರಸ್ ಸಿಸ್ಟಡಿನೋಕಾರ್ಸಿನೋಮ’ ಎಂದಷ್ಟೇ ಬರೆದು ಸಹಿ ಹಾಕಿರುವುದನ್ನು ನೋಡಿದರೆ ಸಂಕಟವಾಗುತ್ತದೆ. ಹೈ ಅಥವಾ ಲೋ ಎಂಬ ಒಂದು ಪದ ಸೇರಿಸಲು ಯಾವ ಯಂತ್ರವೂ ಬೇಕಿಲ್ಲ.

ಮೈಟೋಸಿಸ್ ಎಣಿಸುವಾಗ ಒಂದು ಎಚ್ಚರ. ಐಪೀಸಿನ ಫೀಲ್ಡ್ ನಂಬರ್ 18 ಇದ್ದರೆ 40 ಪಟ್ಟಿನ ಲೆನ್ಸಿನಲ್ಲಿ ಕಾಣುವ ವೃತ್ತದ ಅಡ್ಡಳತೆ 0.45 ಮಿ.ಮೀ.; 22 ಇದ್ದರೆ 0.55 ಮಿ.ಮೀ. ಹತ್ತು ಫೀಲ್ಡಿಗೆ ಹಾಕಿದರೆ ಸುಮಾರು 1.6 ಚದರ ಮಿ.ಮೀ. ಒಂದು ಕಡೆ, 2.4 ಇನ್ನೊಂದು ಕಡೆ. ಒಂದೇ ಸ್ಲೈಡಿಗೆ ಹಳೆಯ ಮೈಕ್ರೋಸ್ಕೋಪಿನಲ್ಲಿ 9, ಹೊಸದರಲ್ಲಿ 13 ಬರುವುದು ಹೀಗೆ. ಐಪೀಸಿನ ಮೇಲೆ ಕೆತ್ತಿರುವ ಆ ಸಂಖ್ಯೆಯನ್ನು ಒಮ್ಮೆ ನೋಡಿ ಬರೆದಿಟ್ಟುಕೊಳ್ಳಿ.

ಎಂಡೋಮೆಟ್ರಿಯಾಯ್ಡ್ ಮತ್ತು ಕ್ಲಿಯರ್ ಸೆಲ್ ಎರಡೂ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರ ಬೇರೆಡೆ ಬೆಳೆಯುವುದು) ಜೊತೆ ಬರುವಂಥವು, ಆದ್ದರಿಂದ ಅದೇ ರೋಗದ ಚಾಕೊಲೇಟ್ ಸಿಸ್ಟಿನ ಗೋಡೆಯಲ್ಲಿ ಗಂಟು ಕಂಡರೆ ಬಿಡಬೇಡಿ. ಸ್ಕ್ವಾಮಸ್ (ಚರ್ಮದಂಥ ಚಪ್ಪಟೆ ಕೋಶಗಳ) ಮಾರ್ಪಾಡು ಕಂಡರೆ ಎಂಡೋಮೆಟ್ರಿಯಾಯ್ಡ್ ಕಡೆಗೆ ವಾಲಬಹುದು. ಆದರೆ ಗ್ರಂಥಿಗಳಂತೆ ಕಾಣುವ ಹೈ-ಗ್ರೇಡ್ ಸೀರಸ್ ಕೂಡ ಇದೆ, ಬಿಆರ್‌ಸಿಎ ಜೀನಿನ ದೋಷವಿರುವವರಲ್ಲಿ ಅದು ಹೆಚ್ಚು. ಹಾಗಾಗಿ ಗ್ರೇಡ್ 3 ಎಂಡೋಮೆಟ್ರಿಯಾಯ್ಡ್ ಎಂದು ಬರೆಯುವ ಮುನ್ನ ಸೀರಸ್ ಗುರುತಿಸುವ ಆಂಟಿಬಾಡಿ ಡಬ್ಲ್ಯುಟಿ1 ಮಾಡಿಸಲೇಬೇಕು. ಕ್ಲಿಯರ್ ಸೆಲ್‌ನಲ್ಲಿ ಎಲ್ಲ ಕೋಶವೂ ತಿಳಿಯಾಗಿರುವುದಿಲ್ಲ, ತಿಳಿಯಾದದ್ದೆಲ್ಲ ಕ್ಲಿಯರ್ ಸೆಲ್ಲೂ ಅಲ್ಲ. ಪ್ಯಾಪಿಲ್ಲದ ಒಳಗಿನ ಗುಲಾಬಿ ಹಯಲಿನ್, ಟ್ಯೂಬ್–ಸಿಸ್ಟ್–ಗಟ್ಟಿ ಜಾಗಗಳ ಬೆರಕೆ, ಹಾಬ್‌ನೇಲ್ (ಮೊಳೆಯಂತೆ ತಲೆ ಉಬ್ಬಿದ) ಕೋಶಗಳು, ಇಷ್ಟು ಕೆಟ್ಟ ನ್ಯೂಕ್ಲಿಯಸ್ ಇದ್ದೂ ಕಡಿಮೆ ಮೈಟೋಸಿಸ್, ಇವು ಅದರ ಗುರುತು. ಈ ಕೊನೆಯ ಲಕ್ಷಣವೇ ನನಗೆ ಎಲ್ಲಕ್ಕಿಂತ ನಂಬಿಕೆಯದು.

ಮ್ಯೂಸಿನಸ್‌ನಲ್ಲಿ ಮೊದಲ ಪ್ರಶ್ನೆ ಬಗೆಯದಲ್ಲ, ಎಲ್ಲಿಂದ ಬಂತು ಎಂಬುದು. ಒಂದೇ ಕಡೆ ಇದ್ದು 10 ಸೆಂ.ಮೀ. ದಾಟಿದ್ದರೆ ಅಂಡಾಶಯದ್ದೇ ಇರಬಹುದು, ಎರಡೂ ಕಡೆ ಇದ್ದರೆ ಅಥವಾ ಚಿಕ್ಕದಿದ್ದರೆ ಬೇರೆಡೆಯಿಂದ ಹರಡಿದ್ದೆಂದು ಹಿಡಿಯಬೇಕು. ಕರುಳಿನ ಕ್ಯಾನ್ಸರ್ ಮಾತ್ರ ಹರಡಿದಾಗಲೂ ಒಂದೇ ಕಡೆ ದೊಡ್ಡದಾಗಿ ಬೆಳೆದು ಈ ನಿಯಮವನ್ನು ಮುರಿಯಬಲ್ಲದು. ಹೊರಮೈ ಮೇಲೆ ಗೆಡ್ಡೆ, ಗಂಟುಗಂಟಾಗಿ ಹರಡಿರುವುದು, ರಕ್ತನಾಳದೊಳಗೆ ಕೋಶಗಳು, ಸಿಗ್ನೆಟ್ ರಿಂಗ್ ಕೋಶ (ಉಂಗುರದಂತೆ ಕಾಣುವ ಕೋಶ), ಕೊಳೆಯಂಥ ನೆಕ್ರೋಸಿಸ್ (ಸತ್ತ ಅಂಗಾಂಶ), ಇವೆಲ್ಲ ಹೊರಗಿನದರ ಗುರುತು. ಹೊಟ್ಟೆಯೊಳಗೆ ಲೋಳೆ ತುಂಬಿದ್ದರೆ ಅಪೆಂಡಿಕ್ಸ್ ಕೇಳಿ ತರಿಸಿಕೊಳ್ಳಿ. ಈ ಅನುಮಾನದ ಬುದ್ಧಿ ನಮ್ಮ ಪೆಥಾಲಜಿಸ್ಟರಲ್ಲಿ ಚುರುಕಾಗಿದೆ. ಎರಡೂ ಅಂಡಾಶಯ ಗಟ್ಟಿಯಾಗಿ ಬಂದರೆ ‘ಎಂಡೋಸ್ಕೋಪಿ ಆಯಿತಾ ಡಾಕ್ಟ್ರೇ?’ ಎಂದು ಊರಿನ ಲ್ಯಾಬಿನಲ್ಲಿ ಮೊದಲೇ ಕೇಳುತ್ತಾರೆ. ಇಲ್ಲಿ ಅದೇ ಪ್ರಶ್ನೆ ಎಸ್‌ಎಟಿಬಿ2, ಸಿಕೆ7, ಸಿಕೆ20 ಆಂಟಿಬಾಡಿಗಳ ಫಲಿತಾಂಶ ಬರುವವರೆಗೆ ಕಾಯುವುದುಂಟು.

ಇಂಗ್ಲೆಂಡಿನ ಯುವ ಪೆಥಾಲಜಿಸ್ಟರು ಊರಿನಿಂದ ಕಲಿಯಬೇಕಾದ ಇನ್ನೊಂದು ವಿಷಯ ರೆಟಿಕ್ಯುಲಿನ್ ಸ್ಟೇನ್, ಸಣ್ಣ ನಾರುಗಳನ್ನು ಕಪ್ಪಾಗಿಸುವ ಬೆಳ್ಳಿಯ ಸ್ಟೇನ್. ಅಡಲ್ಟ್ ಗ್ರ್ಯಾನ್ಯುಲೋಸಾ ಸೆಲ್ ಗೆಡ್ಡೆಯನ್ನು ಸೆಲ್ಯುಲರ್ ಫೈಬ್ರೋಮ ಅಥವಾ ಥೀಕೋಮದಿಂದ ಬೇರೆ ಮಾಡಲು ಇನ್ಹಿಬಿನ್ ಆಂಟಿಬಾಡಿ ಅಷ್ಟಾಗಿ ಉಪಯೋಗಕ್ಕೆ ಬಾರದು, ಎರಡೂ ಬಗೆ ಬಣ್ಣ ಹಿಡಿಯಬಲ್ಲವು. ಬೆಳ್ಳಿಯ ಸ್ಟೇನ್ ಮಾಡಿದರೆ ಗ್ರ್ಯಾನ್ಯುಲೋಸದಲ್ಲಿ ಕಪ್ಪು ನಾರು ಕೋಶಗಳ ಗುಂಪನ್ನು ಸುತ್ತುತ್ತದೆ; ಫೈಬ್ರೋಮ, ಥೀಕೋಮದಲ್ಲಿ ಒಂದೊಂದು ಕೋಶವನ್ನೂ ಸುತ್ತುತ್ತದೆ. ಜೊತೆಗೆ ನ್ಯೂಕ್ಲಿಯಸ್ ನಡುವೆ ಗೀರು, ಅಲ್ಲಲ್ಲಿ ಕಾಲ್-ಎಕ್ಸ್‌ನರ್ ಬಾಡಿ (ಕೋಶಗಳು ಸುತ್ತುವರಿದ ಪುಟ್ಟ ಕುಹರ) ಗ್ರ್ಯಾನ್ಯುಲೋಸದ ಗುರುತು. ಇಲ್ಲಿ ಸಂಶಯ ಬಂದರೆ ಫಾಕ್ಸ್‌ಎಲ್2 ಜೀನ್ ಪರೀಕ್ಷೆಗೆ ಕಳಿಸುತ್ತಾರೆ. ಬಹುತೇಕ ಎಲ್ಲ ಅಡಲ್ಟ್ ಗ್ರ್ಯಾನ್ಯುಲೋಸ ಗೆಡ್ಡೆಗಳಲ್ಲೂ ಒಂದೇ ಮ್ಯುಟೇಷನ್ ಇದೆಯೆಂದು 2009ರಲ್ಲಿ ಗೊತ್ತಾಯಿತು. ಆದರೆ ಬೆಳ್ಳಿ ಸ್ಟೇನ್ ಅದೇ ದಿನ ಸಂಜೆಗೆ ಸಿದ್ಧ. ಈ ಗೆಡ್ಡೆ ಈಸ್ಟ್ರೋಜನ್ ಸುರಿಸುವುದರಿಂದ ಎಂಡೋಮೆಟ್ರಿಯಂ (ಗರ್ಭಕೋಶದ ಒಳಪದರ) ನೋಡದೆ ಕೇಸ್ ಮುಗಿಸಬಾರದು.

ಹದಿಹರೆಯದ ಹುಡುಗಿಯರ ಗಟ್ಟಿ ಗೆಡ್ಡೆ ಎಂದರೆ ಮೊದಲು ಜರ್ಮ್ ಸೆಲ್ (ಅಂಡಾಣುವಿನ ಮೂಲಕೋಶದಿಂದ ಹುಟ್ಟುವ) ಬಗೆಗಳನ್ನು ನೆನೆಯಬೇಕು. ಲಿಂಫೋಸೈಟ್ ತುಂಬಿದ ನಾರಿನ ಗೆರೆಗಳ ನಡುವೆ ದೊಡ್ಡ ತಿಳಿ ಕೋಶಗಳಿದ್ದರೆ ಡಿಸ್‌ಜರ್ಮಿನೋಮ, ಷಿಲ್ಲರ್-ಡುವಾಲ್ ಬಾಡಿ (ರಕ್ತನಾಳವನ್ನು ಗೆಡ್ಡೆಯ ಕೋಶಗಳು ಸುತ್ತಿದ ರಚನೆ) ಕಂಡರೆ ಯೋಕ್ ಸ್ಯಾಕ್ ಗೆಡ್ಡೆ. ಇಮ್ಮೆಚ್ಯೂರ್ ಟೆರಟೋಮದಲ್ಲಿ ಗ್ರೇಡ್ ನಿಲ್ಲುವುದು ಬೆಳೆಯದ ನ್ಯೂರೋಎಪಿಥೀಲಿಯಂ (ಭ್ರೂಣದ ನರದ ಅಂಗಾಂಶ) ಎಷ್ಟಿದೆ ಎಂಬುದರ ಮೇಲೆ: 4 ಪಟ್ಟಿನ ಲೆನ್ಸಿನಲ್ಲಿ, ಅತಿ ಹೆಚ್ಚು ಇರುವ ಸ್ಲೈಡಿನಲ್ಲಿ, ಒಂದು ಫೀಲ್ಡಿನೊಳಗಿದ್ದರೆ ಗ್ರೇಡ್ 1, ಮೂರರವರೆಗೆ 2, ಅದರ ಮೇಲೆ 3. ಅತಿ ಹೆಚ್ಚು ಇರುವ ಸ್ಲೈಡು ಸಿಗುವುದು ಸಾಕಷ್ಟು ಬ್ಲಾಕ್ ತೆಗೆದಿದ್ದರೆ ಮಾತ್ರ.

ಹೊಟ್ಟೆಯಲ್ಲಿ ನೀರು, ರಕ್ತದಲ್ಲಿ ಸಿಎ-125 ಏರಿಕೆ, ಒಮೆಂಟಮ್ (ಕರುಳಿನ ಮೇಲಿನ ಕೊಬ್ಬಿನ ಪರದೆ) ದಪ್ಪ. ಇಂಗ್ಲೆಂಡಿನಲ್ಲಿ ಇದು ಬಹುಮಟ್ಟಿಗೆ ಕ್ಯಾನ್ಸರ್. ಕರ್ನಾಟಕದಲ್ಲಿ ಹೊಟ್ಟೆಯ ಟಿಬಿಯೂ ಇರಬಹುದು, ಸ್ಕ್ಯಾನಿನಲ್ಲಿ ಎರಡೂ ಒಂದೇ ಥರ ಕಾಣಬಲ್ಲವು. ಬಯಾಪ್ಸಿ ಇಲ್ಲದೆ ಕೀಮೋ ಶುರು ಮಾಡಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕೇ. ನೆಕ್ರೋಸಿಸ್ ಇರುವ ಗ್ರ್ಯಾನುಲೋಮ (ಉರಿಯೂತದ ಕೋಶಗಳ ಗಂಟು) ಕಂಡರೆ ಟಿಬಿ ರೋಗಾಣು ತೋರಿಸುವ ಝೀಲ್-ನೀಲ್ಸನ್ ಸ್ಟೇನ್ ಮಾಡಿ, ಬ್ಯಾಸಿಲ್ಲೈ ಕಾಣದಿದ್ದರೂ ಟಿಬಿ ಅಲ್ಲವೆಂದು ಬರೆಯಬೇಡಿ.

ಇಮ್ಯುನೋ ಬೇಡವೆಂದು ನಾನು ಹೇಳುತ್ತಿಲ್ಲ. ದುಡ್ಡು ಕಮ್ಮಿ ಇದ್ದರೆ ಕಾರ್ಸಿನೋಮಕ್ಕೆ ಡಬ್ಲ್ಯುಟಿ1, ಪಿ53, ನ್ಯಾಪ್ಸಿನ್-ಎ, ಪಿಆರ್ ಈ ನಾಲ್ಕೇ ಸಾಕು. ಡಬ್ಲ್ಯುಟಿ1 ಇದ್ದು ಪಿ53 ಅಸಹಜವಾದರೆ ಹೈ-ಗ್ರೇಡ್ ಸೀರಸ್. ಪಿ53 ಸಹಜವಿದ್ದರೆ ಲೋ-ಗ್ರೇಡ್. ಡಬ್ಲ್ಯುಟಿ1 ಇಲ್ಲದೆ ನ್ಯಾಪ್ಸಿನ್ ಇದ್ದರೆ ಕ್ಲಿಯರ್ ಸೆಲ್, ಪಿಆರ್ ಇದ್ದರೆ ಎಂಡೋಮೆಟ್ರಿಯಾಯ್ಡ್, ಯಾವುದೂ ಇಲ್ಲದಿದ್ದರೆ ಮ್ಯೂಸಿನಸ್ ಕಡೆಗೆ ಯೋಚಿಸಿ. ಇದರಲ್ಲಿ ಹೆಚ್ಚು ಎಡವುವುದು ಪಿ53 ಓದುವಲ್ಲಿ. ‘ಪಾಸಿಟಿವ್’, ‘ನೆಗೆಟಿವ್’ ಎಂದು ಬರೆದರೆ ಅರ್ಥವೇ ಇಲ್ಲ. ಅಲ್ಲೊಂದು ಇಲ್ಲೊಂದು, ಬೇರೆ ಬೇರೆ ಗಾಢತೆಯಲ್ಲಿ ಬಣ್ಣ ಬಂದಿದ್ದರೆ ಅದು ಸಹಜ. ಹೆಚ್ಚುಕಡಿಮೆ ಎಲ್ಲ ನ್ಯೂಕ್ಲಿಯಸ್ ಕಡುಕಂದಾದರೂ ಅಸಹಜ, ಒಂದರಲ್ಲೂ ಬಣ್ಣ ಇಲ್ಲದಿದ್ದರೂ ಅಸಹಜ. ಈ ಎರಡನೆಯದನ್ನು ಹೇಳುವ ಮುನ್ನ ಅದೇ ಸ್ಲೈಡಿನ ಸ್ಟ್ರೋಮ (ಗೆಡ್ಡೆಯ ನಡುವಿನ ಆಧಾರ ಅಂಗಾಂಶ), ಲಿಂಫೋಸೈಟ್, ರಕ್ತನಾಳದ ಗೋಡೆಯ ಕೋಶಗಳಲ್ಲಿ ತಿಳಿಬಣ್ಣ ಇದೆಯೇ ನೋಡಿ. ಅಲ್ಲೂ ಇಲ್ಲವೆಂದರೆ ಫಾರ್ಮಾಲಿನ್ ತಲುಪದ ಜಾಗ ಅದಾಗಿರಬಹುದು. ಗೆಡ್ಡೆಯ ಅಂಚಿನ ಇನ್ನೊಂದು ಬ್ಲಾಕಿನಲ್ಲಿ ಮತ್ತೆ ಮಾಡಿಸಿ.

ಕೊನೆಗೆ ಬ್ಲಾಕಿನ ಪಟ್ಟಿ. ಇಲ್ಲಿ ದೊಡ್ಡ ಕೇಂದ್ರಕ್ಕೆ ಬ್ಲಾಕುಗಳನ್ನು ಲ್ಯಾಬೇ ಕಳಿಸುತ್ತದೆ, ಯಾವ ಬ್ಲಾಕ್ ಎಲ್ಲಿಯದೆಂಬ ಪಟ್ಟಿ ವರದಿಯಲ್ಲೇ ಇರುತ್ತದೆ. ನಮ್ಮಲ್ಲಿ ರೋಗಿಯ ಮಗನೋ ತಮ್ಮನೋ ಬ್ಲಾಕುಗಳನ್ನು ಕವರಿನಲ್ಲಿ ಹಾಕಿಕೊಂಡು ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಒಯ್ಯುತ್ತಾನೆ. ಎ1ರಿಂದ ಎ9 ಬಲ ಅಂಡಾಶಯ, ಬಿ1–ಬಿ2 ಬಲ ಫಿಂಬ್ರಿಯಾ, ಸಿ ಒಮೆಂಟಮ್ ಎಂದು ಒಂದು ಚೀಟಿ ಆ ಕವರಿನೊಳಗೆ ಇಲ್ಲದಿದ್ದರೆ ಅಲ್ಲಿನವರು ಸ್ಟೇಜ್ ಹೇಳಲಾರರು, ಹುಡುಗ ಮತ್ತೆ ಊರಿಗೆ ಬಂದು ಕೇಳಿ ಹೋಗಬೇಕು. ಗ್ರಾಸಿಂಗ್ ಮಾಡುವ ಪಿಜಿ ವಿದ್ಯಾರ್ಥಿ ಆ ಚೀಟಿಯನ್ನು ಟೇಬಲ್ ಬಿಡುವ ಮುನ್ನವೇ ಬರೆದು, ವರದಿಯ ಕೆಳಗೆ ಟೈಪ್ ಮಾಡಿಸಬೇಕು. ಗರಿಷ್ಠ ಐದು ನಿಮಿಷದ ಕೆಲಸ.