ಜೋಮು ಇಳಿಯುವ ಹೊತ್ತನ್ನು ಮೊದಲೇ ಹೇಳಿ

ಪುಣೆಯಲ್ಲಿ ನೆಲೆಸಿರುವ ನಾನು ಒಂದೇ ವರ್ಷದಲ್ಲಿ ಎರಡು ಮೊಣಕಾಲು ಬದಲಿ ಶಸ್ತ್ರಚಿಕಿತ್ಸೆಗಳನ್ನು ಹತ್ತಿರದಿಂದ ಕಂಡೆ. ಅತ್ತೆಯವರಿಗೆ ಪುಣೆಯಲ್ಲಿ ಆಯಿತು, ಗಂಗಾವತಿಯಲ್ಲಿರುವ ಅವ್ವನಿಗೆ ಬಳ್ಳಾರಿಯಲ್ಲಿ. ಎರಡೂ ಕಡೆ ಬೆನ್ನಿಗೆ ಅರಿವಳಿಕೆ ಕೊಟ್ಟು, ಅಲ್ಟ್ರಾಸೌಂಡ್ ನೋಡಿಕೊಂಡೇ ತೊಡೆಯ ಒಳಬದಿಯ ಅಡಕ್ಟರ್ ಕೆನಾಲ್ ಎಂಬಲ್ಲಿ ನರ್ವ್ ಬ್ಲಾಕ್, ಅಂದರೆ ನೋವು ತಿಳಿಯದಂತೆ ನರದ ಸುತ್ತ ಮದ್ದು ಚುಚ್ಚಿ ಜೋಮು ಹಿಡಿಸುವುದನ್ನು, ಮಾಡಿದ್ದರು. ಆದ್ದರಿಂದ ನಮ್ಮ ಕಡೆಯ ವೈದ್ಯರ ಕೈಗುಣದ ಬಗ್ಗೆ ನನಗೆ ದೂರಿಲ್ಲ. ವ್ಯತ್ಯಾಸ ಕಂಡದ್ದು ರೋಗಿಯೊಡನೆ ಆಡುವ ಮಾತಿನಲ್ಲಿ.

ತೊಡೆಸಂದಿಯ ಹತ್ತಿರ ಫೆಮೊರಲ್ ನರಕ್ಕೆ ಬ್ಲಾಕ್ ಕೊಟ್ಟರೆ ನೋವಿನ ಜೊತೆಗೆ ತೊಡೆಯ ಮುಂಭಾಗದ ಸ್ನಾಯುವಿನ ಬಲವೂ ಕುಗ್ಗಿ, ರೋಗಿ ನಿಲ್ಲಲು ಹೋದಾಗ ಕಾಲು ಕುಸಿಯುವ ಭಯವಿರುತ್ತದೆ. ಅಡಕ್ಟರ್ ಕೆನಾಲಿನಲ್ಲಿ ಕೊಟ್ಟರೆ ಆ ಬಲ ಬಹುಮಟ್ಟಿಗೆ ಉಳಿಯುವುದರಿಂದ ಅದೇ ದಿನ ಅಥವಾ ಮರುದಿನವೇ ವಾಕರ್ ಹಿಡಿಸಿ ನಡೆಸುವುದು ಸುಲಭವಾಗುತ್ತದೆ. ಆದರೆ ಒಂದೇ ಸಲ ಕೊಡುವ ಬ್ಲಾಕಿನ ಪರಿಣಾಮ ಸಾಮಾನ್ಯವಾಗಿ 12ರಿಂದ 24 ಗಂಟೆಗಳೊಳಗೆ ಇಳಿಯುತ್ತದೆ, ಇಳಿಯುವಾಗ ಅದುಮಿಟ್ಟಿದ್ದ ನೋವು ಒಮ್ಮೆಲೇ ಏಳಬಹುದು.

ಪುಣೆಯ ಅರಿವಳಿಕೆ ತಜ್ಞೆ ಹಿಂದಿನ ಸಂಜೆಯೇ ಅತ್ತೆಯವರ ಮಂಚದ ಪಕ್ಕ ಕುಳಿತು ಇದನ್ನೆಲ್ಲ ಮರಾಠಿಯಲ್ಲಿ ಬಿಡಿಸಿ ಹೇಳಿದರು. ನೋವು ಬರಲೆಂದು ಕಾಯದೆ ರಾತ್ರಿ ಹತ್ತಕ್ಕೆ ಮಾತ್ರೆ ನುಂಗಬೇಕೆಂದು ಚೀಟಿಯಲ್ಲಿ ಬರೆದೂ ಕೊಟ್ಟರು. ಅತ್ತೆಯವರಿಗೂ ನೋವಾಯಿತು, ಆದರೆ ಅದು ಬರುವುದು ಅವರಿಗೆ ಗೊತ್ತಿತ್ತು.

ಅವ್ವ ಮಾತ್ರ ಸಂಜೆಯವರೆಗೆ ನೋಡಲು ಬಂದವರಿಗೆಲ್ಲ, “ಒಂಚೂರೂ ನೋವಿಲ್ರೀ, ಕಾಲೇ ನಂದಲ್ಲ ಅನ್ನಂಗೈತಿ” ಎಂದು ಖುಷಿಯಿಂದ ಹೇಳುತ್ತಿದ್ದಳು. ನೋವಿಲ್ಲವೆಂದು ರಾತ್ರಿಯ ಮಾತ್ರೆಯನ್ನೂ ಬೇಡವೆಂದಳು. ಎರಡು ಗಂಟೆಗೆ ಮಂಚದ ಸರಳು ಹಿಡಿದು ಕುಳಿತವಳು ಆಪರೇಷನ್ನೇ ಕೆಟ್ಟಿತೆಂದು ಅಳತೊಡಗಿದಳು. ನರ್ಸ್ ಇಂಜೆಕ್ಷನ್ ಕೊಟ್ಟ ಮೇಲೆ ಬೆಳಗಿನ ಜಾವಕ್ಕೆ ನೋವೇನೋ ತಗ್ಗಿತು, ಹೆದರಿಕೆ ತಗ್ಗಲಿಲ್ಲ. ಮರುದಿನ ಫಿಸಿಯೋಥೆರಪಿಯವರು ಎಷ್ಟು ಹೇಳಿದರೂ ಅವಳು ಮೊಣಕಾಲು ಮಡಿಸಲಿಲ್ಲ. ಮೊದಲ ದಿನಗಳ ಒಂದೊಂದು ವ್ಯಾಯಾಮವೂ ಮುಖ್ಯವಾಗಿರುವಾಗ ಇಡೀ ದಿನ ಹೀಗೆ ಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಇನ್ನೊಂದು ವಿಷಯದಲ್ಲಿ ಬಳ್ಳಾರಿಯೇ ಮೇಲೆಂದು ನನ್ನ ಅನಿಸಿಕೆ. ಪುಣೆಯಲ್ಲಿ ರೋಗಿಯ ಬಳಿ ಒಬ್ಬರಿಗಷ್ಟೇ ಅವಕಾಶವಿತ್ತು. ಅವ್ವನ ಬಳಿ ಚಿಕ್ಕಮ್ಮ, ಅತ್ತಿಗೆ, ಪಕ್ಕದ ಮನೆಯವರು ಸರದಿಯಂತೆ ಇದ್ದರು. ಚಿಕ್ಕಮ್ಮ ಅಕ್ಕರೆಯಿಂದ ಕೌದಿ ಮಡಚಿ ಅವ್ವನ ಮೊಣಕಾಲಿನ ಕೆಳಗೆ ಇಟ್ಟಿದ್ದಳು. ಹಾಗೆ ಇಟ್ಟರೆ ಹಾಯೆನಿಸಿದರೂ ಕಾಲು ನೆಟ್ಟಗಾಗದೆ ಉಳಿಯಬಹುದೆಂದು ಫಿಸಿಯೋಥೆರಪಿಯವರು ಅದನ್ನು ತೆಗೆದು ಹಿಮ್ಮಡಿಯ ಕೆಳಗಿಟ್ಟರು. ಅಂದಿನಿಂದ ಚಿಕ್ಕಮ್ಮ ಯಾರಿಗೂ ಕೌದಿ ಸರಿಸಲು ಬಿಡಲಿಲ್ಲ. ರಕ್ತ ಹೆಪ್ಪುಗಟ್ಟಬಾರದೆಂದು ತಾಸಿಗೊಮ್ಮೆ ಅವ್ವನಿಂದ ಪಾದ ಮೇಲೆ ಕೆಳಗೆ ಆಡಿಸುತ್ತಿದ್ದಳು. ಇಷ್ಟು ಕೈಗಳಿರುವ ಊರಿನಲ್ಲಿ ಆ ಕೈಗಳಿಗೆ ಏನು ಮಾಡಬೇಕೆಂದು ಹೇಳುವವರು ಬೇಕು.

ಬ್ಲಾಕ್ ಎಷ್ಟು ಹೊತ್ತಿಗೆ ಕೊಟ್ಟರು, ಸುಮಾರು ಯಾವಾಗ ಇಳಿಯುತ್ತದೆ, ಅದಕ್ಕೆ ಮೊದಲು ಯಾವ ಮಾತ್ರೆ, ಜೋಮಿರುವಾಗ ಒಬ್ಬರೇ ಶೌಚಾಲಯಕ್ಕೆ ಏಕೆ ಏಳಬಾರದು ಎಂಬುದನ್ನು ನಮ್ಮ ಆಸ್ಪತ್ರೆಗಳು ಅರ್ಧ ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಓದಲು ಬಾರದವರಿಗೆ ಓದಿ ಹೇಳಲಿ. ಅವ್ವನ ಎಡಗಾಲಿನ ಶಸ್ತ್ರಚಿಕಿತ್ಸೆ ಇನ್ನೂ ಬಾಕಿಯಿದೆ, ಬಳ್ಳಾರಿಯಲ್ಲೇ ಮಾಡಿಸುತ್ತೇವೆ.