ಕುಲಾವಿ ಮೊದಲು, ಕೂಸು ಆಮೇಲೆ

ಗೇಮಿಂಗ್ ಕಂಪ್ಯೂಟರ್ ನಾನೇ ಜೋಡಿಸ್ತೀನಿ ಅಂತ ಮನೆಯಲ್ಲಿ ಘೋಷಿಸಿದ ದಿನ ನನ್ನ ಹತ್ತಿರ ಇದ್ದದ್ದು ಒಂದು ಸ್ಕ್ರೂಡ್ರೈವರ್ ಮತ್ತು ಬೇಕಾದ್ದಕ್ಕಿಂತ ಜಾಸ್ತಿ ಧೈರ್ಯ. ಅಕ್ಕನ ಮಗ ಫೋನಿನಲ್ಲಿ ಪಾಠ ಮಾಡಿದ. "ಮಾಮ, ಮೊದಲು ಪ್ರೊಸೆಸರ್ ಯಾವುದು ಅಂತ ನೋಡಿ. ಅದಕ್ಕೆ ಸರಿಯಾದ ಮದರ್‌ಬೋರ್ಡ್, ಅಂದ್ರೆ ಎಲ್ಲಾ ಭಾಗ ಕೂರೋ ಹಲಗೆ. ಬೋರ್ಡ್‌ಗೆ ಸರಿಯಾದ ರ‍್ಯಾಮ್. ಇವನ್ನೆಲ್ಲ ಹಿಡಿಸೋ ಡಬ್ಬ, ಕ್ಯಾಬಿನೆಟ್, ಕೊನೆಗೆ." ನಾನು ಹೂಂ ಹೂಂ ಅಂದೆ. ಫೋನ್ ಇಟ್ಟವನೇ ಕ್ಯಾಬಿನೆಟ್ ಆರ್ಡರ್ ಮಾಡಿದೆ.

ತಪ್ಪು ನನ್ನದಲ್ಲ, ಅದರ ಗಾಜಿನದು. ಒಂದು ಪಕ್ಕ ಪೂರ್ತಿ ಗಾಜು, ಮುಂದೆ ಬಣ್ಣ ಬದಲಿಸುವ ಎರಡು ಫ್ಯಾನ್. ಇಂಥದ್ದನ್ನು ನೋಡಿಕೊಂಡು ಯಾರು ಪ್ರೊಸೆಸರ್ ಕೂರೋ ಸಾಕೆಟ್ ಬಗ್ಗೆ ಯೋಚಿಸ್ತಾರೆ? ಹುಡುಗ ಮಾತ್ರ, "ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿಸಿಬಿಟ್ರಲ್ಲ ಮಾಮ" ಅಂದ. ಕೂಸು ಬಂದ ಮೇಲೆ ಗೊತ್ತಾಯಿತು. ಮದರ್‌ಬೋರ್ಡ್ ಎಟಿಎಕ್ಸ್ ಅಳತೆಯದು, 305 ಮಿಲಿಮೀಟರ್ ಉದ್ದ, 244 ಅಗಲ. ಕುಲಾವಿ ಮೈಕ್ರೋ ಎಟಿಎಕ್ಸ್‌ನದು. ಅದರಲ್ಲಿ ಹಿಡಿಸೋದು 244ಕ್ಕೆ 244. ಆರು ಸೆಂಟಿಮೀಟರ್ ಅಂದ್ರೆ ಏನು ಮಹಾ, ಸ್ವಲ್ಪ ಓರೆ ಮಾಡಿದರೆ ಹೋಗುತ್ತೆ ಅಂದುಕೊಂಡೆ. ಹಿಂದೊಮ್ಮೆ ಮಂಚವನ್ನು ಹಾಗೇ ಬಾಗಿಲಲ್ಲಿ ತೂರಿಸಿದ್ದೆ. ಆದರೆ ಮಂಚ ಒಳಗೆ ಹೋದಮೇಲೆ ಗೋಡೆಯ ತೂತುಗಳಿಗೆ ಸ್ಕ್ರೂ ಹಾಕುವ ಕೆಲಸ ಇರಲಿಲ್ಲ ನೋಡಿ.

"ಅಳತೆ ಟೇಪು ಮನೆಯಲ್ಲೇ ಇತ್ತಲ್ಲ ರೀ" ಅಂದಳು ಹೆಂಡತಿ. ಅಷ್ಟೇ ಅಂದದ್ದು. ಅಷ್ಟು ಸಾಕಾಗಿತ್ತು.

ಪ್ರೊಸೆಸರ್ ವಿಷಯದಲ್ಲಿ ಮಾತ್ರ ನಾನು ಓದಿಕೊಂಡೇ ಹೋಗಿದ್ದೆ. ರೈಜನ್ 5 ಇದ್ದರೆ ಆಟಕ್ಕೆ ಸಾಕು ಅಂತ ತಿಳಿದವರು ಹೇಳಿದ್ದರು. ರೈಜನ್ 5 ತಂದೆ. ಅದರ ಪಕ್ಕದಲ್ಲಿದ್ದ 5600 ಅನ್ನೋ ಅಂಕಿಯನ್ನು ಬಸ್ಸಿನ ಹಿಂದಿರುವ ನಂಬರಿನ ಹಾಗೆ ಸುಮ್ನೆ ನೋಡಿ ಬಿಟ್ಟೆ. 5600 ಕೂರೋದು ಎಎಂ4 ಸಾಕೆಟ್‌ನಲ್ಲಿ. ನನ್ನ ಬೋರ್ಡ್‌ನಲ್ಲಿ ಇದ್ದದ್ದು 2022ರಲ್ಲಿ ಬಂದ ಎಎಂ5. ಹಳೆಯದರಲ್ಲಿ ಸೂಜಿಯಂಥ 1331 ಪಿನ್‌ಗಳು ಪ್ರೊಸೆಸರಿನ ಹೊಟ್ಟೆಗೇ ಇರುತ್ತವೆ. ಹೊಸದರಲ್ಲಿ 1718, ಅವು ಬೋರ್ಡ್ ಕಡೆ. ಅಂದರೆ ನನ್ನ ಮುಂದೆ ಎರಡೂ ಕಡೆ ಮುಳ್ಳು. ಎರಡು ಮುಳ್ಳುಹಂದಿಗಳಿಗೆ ಅಪ್ಪಿಕೊಳ್ಳಿ ಅಂದ ಹಾಗೆ ಅವುಗಳನ್ನು ಹತ್ತಿರ ತಂದು, ದೂರ ಸರಿಸಿ, ಮತ್ತೆ ಹತ್ತಿರ ತಂದು ನೋಡಿದೆ. ಪಿನ್ ಒಂದೂ ಬಾಗಲಿಲ್ಲ ಅನ್ನೋದೇ ಆ ದಿನದ ಸಾಧನೆ.

ರ‍್ಯಾಮ್‌ನಲ್ಲಿ ಮೋಸಹೋಗಬಾರದು ಅಂತ ಈ ಸಲ ಪಿನ್ ಲೆಕ್ಕವನ್ನೇ ನೋಡಿದೆ. ಹಳೇ ಪೀಳಿಗೆಯ ಡಿಡಿಆರ್4ಗೂ 288, ಹೊಸ ಪೀಳಿಗೆಯ ಡಿಡಿಆರ್5ಗೂ 288. ಲೆಕ್ಕ ಸರಿಹೋಯಿತಲ್ಲ! ಡಿಡಿಆರ್4 ಎರಡು ಕಡ್ಡಿ ತಂದೆ. ಎಎಂ5 ಬೋರ್ಡ್‌ಗೆ ಡಿಡಿಆರ್5 ಬಿಟ್ಟು ಬೇರೇನೂ ಆಗಿಬರಲ್ಲ, ಕಡ್ಡಿಯ ನಡುವಿನ ಕಚ್ಚು ಎರಡರಲ್ಲೂ ಬೇರೆ ಬೇರೆ ಜಾಗದಲ್ಲಿರುತ್ತೆ ಅನ್ನೋದು ನನಗೆ ಹೊಳೆದದ್ದು ಹೆಬ್ಬೆರಳು ಕೆಂಪಾದ ಮೇಲೆ. ವಿಡಿಯೋ ಕಾಲ್‌ನಲ್ಲಿದ್ದ ಹುಡುಗ "ಒತ್ತಬೇಡಿ ಮಾಮ! ಒತ್ತಬೇಡಿ!" ಅಂತ ಕಿರುಚಿದ. ನನಗೂ ಬೇಜಾರಾಯಿತು. ರ‍್ಯಾಮ್ ಕೂರಿಸುವಾಗ ಜೋರಾಗಿ ಒತ್ತಬೇಕು ಅಂತ ಎಲ್ಲರೂ ಹೇಳ್ತಾರೆ. ಎಷ್ಟು ಜೋರು ಅಂತ ಒಬ್ಬರಾದರೂ ಹೇಳ್ತಾರಾ?

ಸೀಲ್ ಒಡೆದ ಸಾಮಾನು ವಾಪಸ್ ಹೋಗಲ್ಲ. ಹಾಗಾಗಿ ಇವೆಲ್ಲ ಒಂದು ರಟ್ಟಿನ ಡಬ್ಬ ಸೇರಿ ಅಟ್ಟ ಹತ್ತಿದವು. ಸರಿಯಾದವು ಒಂದೊಂದೇ ಬಂದವು. ಹೊಸ ಪ್ರೊಸೆಸರ್ ರೈಜನ್ 5 7500ಎಫ್. ಕ್ಯಾಬಿನೆಟ್ಟೂ ದೊಡ್ಡದು ಬಂತು. ಅದರಲ್ಲಿ 345 ಮಿಲಿಮೀಟರ್ ಉದ್ದದ ಗ್ರಾಫಿಕ್ಸ್ ಕಾರ್ಡ್, ಅಂದ್ರೆ ಸ್ಕ್ರೀನಿಗೆ ಚಿತ್ರ ಕೊಡೋ ಭಾಗ, ಹಿಡಿಯುತ್ತೆ ಅಂತ ಬರೆದಿತ್ತು, ನನ್ನದು 330. ಆದರೆ ಮುಂದಿನ ಫ್ಯಾನ್ ದಪ್ಪ 25. ಈ ಕಳೆಯುವ ಲೆಕ್ಕ ಮಾಡಿದ್ದು ಕಾರ್ಡ್ ಹೋಗಿ ಫ್ಯಾನ್‌ಗೆ ಡಿಕ್ಕಿ ಹೊಡೆದ ಮೇಲೆ. ಫ್ಯಾನ್ ಬಿಚ್ಚಿ ಹಿಂದಕ್ಕೆ ಹಾಕಿದೆ. ಪ್ರೊಸೆಸರನ್ನು ತಣ್ಣಗಿಡೋ ಕೂಲರ್ ಐದು ಮಿಲಿಮೀಟರ್ ಜಾಸ್ತಿ ಎತ್ತರವಾಗಿ ಗಾಜು ಮುಚ್ಚಲೇ ಇಲ್ಲ. ಆ ಕಥೆ ಬೇಡ ಬಿಡಿ.

ಪವರ್ ಸಪ್ಲೈ ಬಗ್ಗೆ ಮಾತ್ರ ಹೇಳಲೇಬೇಕು. ನಾನು ತಂದಿದ್ದು 550 ವಾಟ್. ಕಾರ್ಡ್‌ನಲ್ಲಿ ಎಂಟು ಪಿನ್ನಿನ ಮೂರು ಬಾಯಿ. ಒಂದೊಂದು ಬಾಯಿಗೆ 150 ವಾಟ್ ತನಕ, ಬೋರ್ಡ್‌ನಲ್ಲಿ ಕಾರ್ಡ್ ಕೂರೋ ಸ್ಲಾಟಿನಿಂದ ಇನ್ನೊಂದು 75. ಕೂಡಿಸಿದರೆ 525. ಕಾರ್ಡ್ ಅಷ್ಟನ್ನೂ ಎಳೆಯದೇ ಇರಬಹುದು, ಎಳೆದರೆ ಮಿಕ್ಕಿದ್ದೆಲ್ಲ 25 ವಾಟ್‌ನಲ್ಲಿ ಬದುಕಬೇಕು. ಅದಿರಲಿ, ಪವರ್ ಸಪ್ಲೈಯಲ್ಲಿ ಆ ಥರದ ಕೇಬಲ್ ಇದ್ದದ್ದೇ ಎರಡು. ಮೂರನೆಯದಕ್ಕೆ ಡ್ರಾಯರಿನಲ್ಲಿದ್ದ ಬೇರೆ ಕಂಪನಿಯ ಹಳೇ ಕೇಬಲ್ ತೆಗೆದೆ. ಎಷ್ಟು ಚೆನ್ನಾಗಿ ಕೂತಿತು ಅಂತೀರಿ! ಇಡೀ ಕೆಲಸದಲ್ಲಿ ಮೊದಲ ಏಟಿಗೇ ಕೂತದ್ದು ಅದೊಂದೇ.

ಫೋಟೋ ನೋಡಿದ ಹುಡುಗ ತಕ್ಷಣ ಫೋನ್ ಮಾಡಿದ. ದನಿಯಲ್ಲಿ ನಗು ಇರಲಿಲ್ಲ. "ಸ್ವಿಚ್ ಹಾಕಿಲ್ಲ ತಾನೇ?" ಕಾರ್ಡ್ ಕಡೆಯ ತುದಿಗೆ ಎಲ್ಲರದ್ದೂ ಒಂದೇ ನಿಯಮವಂತೆ. ಪವರ್ ಸಪ್ಲೈ ಕಡೆಯ ತುದಿಗೆ ಯಾವ ನಿಯಮವೂ ಇಲ್ಲವಂತೆ. ಒಬ್ಬೊಬ್ಬರು ತಂತಿಯನ್ನು ಒಂದೊಂದು ಥರ ಜೋಡಿಸಿರ್ತಾರೆ, ಆಕಾರ ಹೊಂದಿದರೂ ಒಳಗಿನದು ಹೊಂದದೆ ಕಾರ್ಡೇ ಸುಟ್ಟುಹೋಗಬಹುದು. ಆ ಕ್ಷಣಕ್ಕೆ ನನ್ನ ಡಿಡಿಆರ್4 ಕಡ್ಡಿಗಳ ಮೇಲೆ ಗೌರವ ಬಂತು. ಪಾಪ, ಅವು ಆಗಲ್ಲ ಅಂತ ಮುಖಕ್ಕೇ ಹೇಳಿದ್ದವು. 850 ವಾಟ್‌ದು ಬಂತು, 550 ಅಟ್ಟಕ್ಕೆ ಹೋಯಿತು.

ಕೊನೆಗೂ ಬಟನ್ ಒತ್ತಿದೆ. ಫ್ಯಾನ್ ತಿರುಗಿತು, ದೀಪ ಉರಿಯಿತು, ಸ್ಕ್ರೀನ್ ಕಪ್ಪು. ಡಿಡಿಆರ್5 ಮೊದಲ ಸಲ ಆನ್ ಆದಾಗ ಪರೀಕ್ಷೆ ಮಾಡಿಕೊಳ್ಳೋಕೆ ಕೆಲವು ನಿಮಿಷ ತಗೊಳ್ಳುತ್ತೆ, ಕಾಯಿರಿ ಅಂದ ಹುಡುಗ. ಕಾದೆ. ಅರ್ಧ ಗಂಟೆ ಕಾದೆ. ಆಮೇಲೆ ನೋಡಿದರೆ ಮಾನಿಟರ್ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಮದರ್‌ಬೋರ್ಡ್‌ಗೆ ಚುಚ್ಚಿದ್ದೆ. "ಹೆಸರಿನ ಕೊನೆಗೆ ಎಫ್ ಇದೆಯಲ್ಲ ಮಾಮ, ಅಂದ್ರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ." ಕೇಬಲ್ ಬದಲಿಸಿದೆ, ಚಿತ್ರ ಬಂತು. ಎಫ್ ಅಂದರೆ ಇಲ್ಲ ಅನ್ನೋದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡೆ.

ರಜೆಗೆ ಹುಡುಗ ಬಂದಾಗ ಹೆಂಡತಿ ಅಟ್ಟದ ಡಬ್ಬ ಇಳಿಸಿದಳು. "ಇದರಲ್ಲಿ ಏನಿದೆ ರೀ?"

"ಅನುಭವ" ಅಂದೆ.

ಹುಡುಗ ಒಂದೊಂದೇ ಹೊರಗಿಟ್ಟ. ಚಿಕ್ಕ ಕ್ಯಾಬಿನೆಟ್, 5600, ಜೊತೆಗೇ ಬಂದಿದ್ದ ಪುಟ್ಟ ಕೂಲರ್, ಡಿಡಿಆರ್4, 550 ವಾಟ್. ಸ್ವಲ್ಪ ಹೊತ್ತು ನೋಡಿ, "ಮಾಮ, ನಿಮ್ಮ ತಪ್ಪುಗಳೆಲ್ಲ ಒಂದಕ್ಕೊಂದು ಸರಿಯಾಗಿ ಹೊಂದುತ್ವೆ!" ಅಂದ.

ಬೇಕಾಗಿದ್ದದ್ದು ಎಎಂ4ನ ಮೈಕ್ರೋ ಎಟಿಎಕ್ಸ್ ಬೋರ್ಡ್ ಮತ್ತು ಫೈಲುಗಳನ್ನು ಇಡೋಕೆ ಒಂದು ಎಸ್‌ಎಸ್‌ಡಿ. ಸಾಕೆಟ್ ನೋಡಿದೆ, ರ‍್ಯಾಮ್ ನೋಡಿದೆ, 244 ಅನ್ನೋದನ್ನು ಮೂರು ಸಲ ಓದಿದೆ. ಯಾರ ಸಹಾಯವೂ ಇಲ್ಲದೆ ಒಂದೂವರೆ ಗಂಟೆಯಲ್ಲಿ ಜೋಡಿಸಿದೆ. ಬಟನ್ ಒತ್ತಿದೆ. ಫ್ಯಾನ್ ತಿರುಗಿತು. ಸ್ಕ್ರೀನ್ ಕಪ್ಪು.

"ಇದರಲ್ಲಿ ಎಫ್ ಇಲ್ಲವಲ್ಲೋ!" ಅಂತ ಚೀಟಿ ತೋರಿಸಿದೆ.

"ಇದು ಹಳೇ ಪೀಳಿಗೆ ಮಾಮ. ಇದರಲ್ಲಿ ಜಿ ಅಂತ ಇದ್ದರೆ ಮಾತ್ರ ಗ್ರಾಫಿಕ್ಸ್ ಇರುತ್ತೆ. ಈಗ ಇದಕ್ಕೊಂದು ಕಾರ್ಡ್ ಬೇಕು."

ಹೆಂಡತಿ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಅಳತೆ ಟೇಪು ತಂದು ನನ್ನ ಮುಂದಿಟ್ಟಳು.