ಸ್ಪಷ್ಟನೆ: ಅನಾನಸ್ ಜೆಲ್ಲಿ ಕೆಡುವುದು ಹುಳಿಯಿಂದಲ್ಲ

ಪದರ ಪದರವಾಗಿ ಹಣ್ಣು, ಜೆಲ್ಲಿ ಹಾಕಿ ಮಾಡುವ ಹಳೇ ಕಾಲದ ಸಿಹಿ ಈಗ ಮತ್ತೆ ಪಾರ್ಟಿಗಳಲ್ಲಿ ಕಾಣಿಸುತ್ತಿದೆ. ಜೊತೆಗೇ ಒಂದು ಮಾತೂ ಹರಿದಾಡುತ್ತಿದೆ: "ಅನಾನಸ್ ಹುಳಿ, ಅದಕ್ಕೇ ಜೆಲ್ಲಿ ಗಟ್ಟಿಯಾಗಲ್ಲ. ಜೆಲಾಟಿನ್ ಡಬಲ್ ಹಾಕಿ, ರಾತ್ರಿಯಿಡೀ ಫ್ರಿಜ್‌ನಲ್ಲಿಡಿ." ಇದು ತಪ್ಪು.

ಹುಳಿಯೇ ಕಾರಣ ಅಂತಾದರೆ ನಿಂಬೆ ಜೆಲ್ಲಿಯೂ ಕಟ್ಟಬಾರದಿತ್ತು, ಅಲ್ವಾ? ಜೆಲ್ಲಿಯನ್ನು ಗಟ್ಟಿ ಮಾಡುವ ಜೆಲಾಟಿನ್ ಒಂದು ಪ್ರೋಟೀನ್. ಹಸಿ ಅನಾನಸ್‌ನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಆ ಪ್ರೋಟೀನನ್ನೇ ತುಂಡು ತುಂಡು ಮಾಡುತ್ತದೆ. ಎಷ್ಟು ಹೊತ್ತು ತಣ್ಣಗಿಟ್ಟರೂ ನೀರು ನೀರೇ. ಫ್ರೀಜರ್‌ನಲ್ಲಿಟ್ಟ ಹಣ್ಣೂ ಆಗಲ್ಲ, ಯಾಕೆಂದರೆ ಚಳಿಗೆ ಕಿಣ್ವ ಸಾಯುವುದಿಲ್ಲ. ಕಿವಿ, ಪಪ್ಪಾಯದ ಕತೆಯೂ ಇಷ್ಟೇ.

ಹಾಗಂತ ಅನಾನಸ್ ಬಿಡಬೇಕಿಲ್ಲ. ಹೋಳುಗಳನ್ನು ಐದು ನಿಮಿಷ ಚೆನ್ನಾಗಿ ಕುದಿಸಿ, ತಣ್ಣಗಾದ ಮೇಲೆ ಹಾಕಿ. ಬಿಸಿಗೆ ಕಿಣ್ವ ಸಾಯುತ್ತದೆ. ಡಬ್ಬಿಯಲ್ಲಿ ಬರುವ ಅನಾನಸ್ ಮೊದಲೇ ಬಿಸಿ ಕಂಡಿರುತ್ತದೆ, ಸೀದಾ ಹಾಕಬಹುದು. ಹಸಿ ಹಣ್ಣಿನ ರುಚಿಯೇ ಬೇಕೆಂದರೆ ಜೆಲಾಟಿನ್ ಬದಲು ಚೈನಾ ಗ್ರಾಸ್ ಬಳಸಿ. ಅದು ಕಡಲ ಪಾಚಿಯಿಂದ ಬರುವಂಥದ್ದು, ಪ್ರೋಟೀನ್ ಅಲ್ಲ. ಹಾಗಾಗಿ ಬ್ರೊಮೆಲೈನ್ ಅದನ್ನು ಮುಟ್ಟಲ್ಲ.

"ಕೆಳಗಿನ ಪದರ ಕಲ್ಲಿನಂತಾದ ಮೇಲೇ ಮುಂದಿನದು ಸುರಿಯಿರಿ" ಅನ್ನುವುದೂ ಸರಿಯಲ್ಲ. ಹಾಗೆ ಮಾಡಿದರೆ ಕತ್ತರಿಸುವಾಗ ಪದರಗಳು ಜಾರಿ ಬೇರೆಯಾಗುತ್ತವೆ. ಬೆರಳಿಟ್ಟರೆ ಸ್ವಲ್ಪ ಅಂಟಬೇಕು, ಆದರೆ ಬಟ್ಟಲು ವಾಲಿಸಿದರೆ ಹರಿಯಬಾರದು. ಅದೇ ಹದ. ಮೇಲೆ ಸುರಿಯುವ ಜೆಲ್ಲಿ ಪೂರ್ತಿ ಆರಿರಲಿ. ಬಿಸಿ ಇದ್ದರೆ ಕೆಳಗಿನ ಪದರ ಕರಗಿ ಎರಡು ಬಣ್ಣವೂ ಕಲಸಿಹೋಗುತ್ತದೆ.